ಪ್ರಶ್ನೋತ್ತರ: ಗೀರು ಬಿದ್ದ ಬೈಕ್ ಪ್ಯಾನೆಲ್‌ಗೆ ಮನೆಯಲ್ಲೇ ಬಣ್ಣ ಹೊಡೆಯಬಹುದೇ?

ಪ್ರಶ್ನೆ (ಸದಸ್ಯ, ಸಾಗರ): ನಮಸ್ಕಾರ ಸರ್. ಕೆಸರಿನಲ್ಲಿ ಜಾರಿ ಬೈಕ್ ಎಡಕ್ಕೆ ಬಿತ್ತು. ಸೈಡ್ ಪ್ಯಾನೆಲ್ ಮೇಲೆ ಉದ್ದುದ್ದ ಗೀರುಗಳಾಗಿವೆ, ಒಳಗಡೆ ರಬ್ಬರ್ ಬುಷ್‌ಗೆ ಕೂರುವ ಪ್ಲಾಸ್ಟಿಕ್ ಮೊಳೆಯೂ ಮುರಿದಿದೆ. ಮುಂದಿನ ಮಡ್‌ಗಾರ್ಡ್‌ಗೆ ಕಳೆದ ವರ್ಷ ಅಂಗಡಿಯೊಂದರಲ್ಲಿ ಬಣ್ಣ ಹೊಡೆಸಿದ್ದೆ, ಅದು ಈಗ ಹಾಳೆ ಹಾಳೆಯಾಗಿ ಏಳುತ್ತಿದೆ. ಈ ಸಲ ಸ್ಪ್ರೇ ಡಬ್ಬಿ ತಂದು ನಾನೇ ಹೊಡೆಯಲೇ?

ಉತ್ತರ (ವಾಹನ ಪೇಂಟರ್, ದಾವಣಗೆರೆ): ಹೊಡೆಯಬಹುದು. ಆದರೆ ಡಬ್ಬಿ ಕೊಳ್ಳುವ ಮೊದಲು ಎರಡೂ ಭಾಗಗಳನ್ನು ಬಿಚ್ಚಿ ಒಳಮೈ ನೋಡಿ. ಅಚ್ಚಿನಲ್ಲೇ ಸಣ್ಣ ಅಕ್ಷರಗಳು ಮೂಡಿರುತ್ತವೆ: ಎಬಿಎಸ್ ಅಥವಾ ಪಿಪಿ. ಎರಡೂ ಪ್ಲಾಸ್ಟಿಕ್‌ನ ಬಗೆಗಳು, ಬ್ರೇಕಿನ ಎಬಿಎಸ್ ಬೇರೆ. ಸೈಡ್ ಪ್ಯಾನೆಲ್‌ಗಳು ಹೆಚ್ಚಾಗಿ ಎಬಿಎಸ್. ಮಡ್‌ಗಾರ್ಡ್ ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಆಗಿರುವುದುಂಟು. ಪಿಪಿಯ ಮೈ ಮೇಣದಂತೆ, ಅದಕ್ಕೆ ಸಾಮಾನ್ಯ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಪದರ, ಹಿಡಿಯುವುದೇ ಇಲ್ಲ. ನಿಮ್ಮ ಮಡ್‌ಗಾರ್ಡ್ ಬಣ್ಣ ಹಾಳೆಯಾಗಿ ಏಳುತ್ತಿರುವುದನ್ನು ಕೇಳಿದರೆ ನನ್ನ ಅನುಮಾನ ಅದೇ. ಪಿಪಿಗೆ ಮೊದಲು ಅಡ್ಹೀಷನ್ ಪ್ರಮೋಟರ್ ಎಂಬ ಪಾರದರ್ಶಕ ದ್ರವವನ್ನು ತೆಳ್ಳಗೆ ಹೊಡೆದು, ಡಬ್ಬಿಯ ಮೇಲೆ ಬರೆದ ಅವಧಿಯೊಳಗೆ ಪ್ರೈಮರ್ ಕೊಡಬೇಕು. ಅವಧಿ ಮೀರಿದರೆ ಹೊಡೆದೂ ಹೊಡೆಯದಂತೆಯೇ.

ಅಕ್ಷರ ಅಳಿಸಿದ್ದರೆ ಬಣ್ಣವಿಲ್ಲದ ಒಳಅಂಚಿನಿಂದ ಚೂರೊಂದನ್ನು ಕೆತ್ತಿ, ಒಂದು ಹನಿ ಸೋಪು ಬೆರೆಸಿದ ನೀರಿಗೆ ಹಾಕಿ. ತೇಲಿದರೆ ಎಬಿಎಸ್ ಅಲ್ಲ, ಪಿಪಿ ಇದ್ದೀತು. ಮುಳುಗಿತೆಂದು ಎಬಿಎಸ್ಸೇ ಎಂದು ತೀರ್ಮಾನಿಸಬೇಡಿ, ಟಾಲ್ಕ್ ಎಂಬ ಖನಿಜದ ಪುಡಿ ಬೆರೆಸಿದ ಪಿಪಿಯೂ ಮುಳುಗಬಹುದು.

ಮುರಿದ ಮೊಳೆ ಎಬಿಎಸ್ ಆಗಿದ್ದರೆ ರಿಪೇರಿ ಸುಲಭ. ಹಳೆಯ ಎಬಿಎಸ್ ತುಂಡಿನ ಪುಡಿಯನ್ನು ಗಾಜಿನ ಸೀಸೆಯಲ್ಲಿ ಅಸಿಟೋನ್ ಎಂಬ ದ್ರಾವಕಕ್ಕೆ ಹಾಕಿಟ್ಟರೆ ಗಟ್ಟಿ ಗಂಜಿಯಾಗುತ್ತದೆ. ಅದನ್ನು ಮುರಿದ ಎರಡೂ ಕಡೆ ಹಚ್ಚಿ, ಜೋಡಿಸಿ, ಒಂದು ಪೂರ್ತಿ ದಿನ ಅಲುಗಾಡಿಸಬೇಡಿ. ಇದು ಅಂಟಲ್ಲ, ಪ್ಲಾಸ್ಟಿಕ್ಕೇ ಕರಗಿ ಒಂದಾಗುತ್ತದೆ. ಸೂಪರ್ ಗ್ಲೂ ಮೇಲೆ ಸೋಡಾ ಪುಡಿ ಉದುರಿಸುವ ವಿದ್ಯೆ ಎಲ್ಲರಿಗೂ ಗೊತ್ತು. ಕಲ್ಲಿನಂತೆ ಗಟ್ಟಿಯಾಗುತ್ತದೆ, ಎಂಜಿನ್ ನಡುಕಕ್ಕೆ ಕಲ್ಲಿನಂತೆಯೇ ಒಡೆಯುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತು, ಬೆಂಕಿಯಿಂದ ದೂರವಿರಲಿ. ಪಿಪಿ ಇದರಲ್ಲಿ ಕರಗುವುದಿಲ್ಲ, ಅದಕ್ಕೆ ಬಿಸಿ ಬೆಸುಗೆಯೇ ಆಗಬೇಕು.

ಈಗ ಗೀರು. ಉಗುರು ಸಿಕ್ಕಿಕೊಳ್ಳದಷ್ಟು ತೆಳುವಾಗಿದ್ದರೆ ರಬ್ಬಿಂಗ್ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಸಾಕು, ಬಣ್ಣವೇ ಬೇಡ. ಉಗುರು ಸಿಕ್ಕಿಕೊಂಡರೆ ಪ್ಯಾನೆಲ್ಲನ್ನು ಪಾತ್ರೆ ತೊಳೆಯುವ ಸೋಪಿನಿಂದ ಎರಡು ಬಾರಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ನನ್ನ ಬಳಿಗೆ ಬರುವ ಕೆಟ್ಟ ಕೆಲಸಗಳಲ್ಲಿ ಅರ್ಧಕ್ಕರ್ಧ ಈ ತೊಳೆತವನ್ನು ಬಿಟ್ಟು ಮಾಡಿದವುಗಳೇ. ಸಿಲಿಕಾನ್ ಪಾಲಿಶ್ ಚೂರು ಉಳಿದಿದ್ದರೂ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿಗಳು ಏಳುತ್ತವೆ. ಪೆಟ್ರೋಲ್ ಅಥವಾ ಥಿನ್ನರ್‌ನಿಂದ ಒರೆಸಬೇಡಿ, ಎಬಿಎಸ್‌ನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಆಮೇಲೆ 320 ಅಥವಾ 400ರ ವಾಟರ್ ಪೇಪರ್‌ನಿಂದ (ನೀರಿನಲ್ಲಿ ಬಳಸುವ ಉಜ್ಜು ಕಾಗದ, ಸಂಖ್ಯೆ ಹೆಚ್ಚಿದಷ್ಟು ನಯ) ಗೀರಿನ ಸುತ್ತಲಿನ ಹಳೆಯ ಬಣ್ಣದ ಅಂಚನ್ನು ಇಳಿಜಾರಾಗಿ ಉಜ್ಜಿ. ಬೆರಳಾಡಿಸಿದರೆ ಮೆಟ್ಟಿಲು ತಿಳಿಯಬಾರದು. ಆಳವಿದ್ದಲ್ಲಿ ಪ್ಲಾಸ್ಟಿಕ್‌ಗೆಂದೇ ಬರುವ, ಬಾಗುವ ಪುಟ್ಟಿ ಹಚ್ಚಿ. ಕಾರಿನ ತಗಡಿಗೆ ಬಳಸುವ ಪುಟ್ಟಿ ಪ್ಯಾನೆಲ್ ಬಾಗಿದಾಗ ಸೀಳುತ್ತದೆ. ನಂತರ ಪ್ರೈಮರ್. ಅದು ಒಣಗಿದ ಮೇಲೆ ನೀರು ಹಾಕಿ 800ರಲ್ಲಿ ಹಗುರಾಗಿ ಉಜ್ಜಿ.

ಬಣ್ಣವನ್ನು ಗೀರಿಗಷ್ಟೇ ಹೊಡೆಯದೆ ಇಡೀ ಪ್ಯಾನೆಲ್‌ಗೆ ಹೊಡೆಯಿರಿ, ಅಂಚಿನವರೆಗೆ ಹೋದರೆ ತೇಪೆ ಕಾಣದು. 20-25 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ, ತೆಳು ಕೋಟ್‌ಗಳು. ಒಂದೇ ಸಲಕ್ಕೆ ಮುಚ್ಚಿಬಿಡುವ ಆಸೆಗೆ ಬಿದ್ದರೆ ಬಣ್ಣ ಸುರಿಯುತ್ತದೆ. ಮೆಟಾಲಿಕ್ ಬಣ್ಣವಾದರೆ ಒದ್ದೆ ಕೋಟ್ ಗಾಢವಾಗಿಯೂ ಒಣ ಕೋಟ್ ತಿಳಿಯಾಗಿಯೂ ಕಾಣುವುದರಿಂದ ಮೊದಲು ಹಳೆಯ ತುಂಡಿನ ಮೇಲೆ ಹೊಡೆದು ನೋಡಿ. ಕೊನೆಗೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಮೇಲ್ಪದರ. ಹಾರ್ಡನರ್ (ಗಟ್ಟಿಮಾಡುವ ದ್ರವ) ಬೆರೆಸುವ ಎರಡು ಭಾಗದ ಪಿಯು, ಅಂದರೆ ಪಾಲಿಯುರಿಥೇನ್, ಕ್ಲಿಯರ್ ಪೆಟ್ರೋಲ್ ಚೆಲ್ಲಿದರೂ ತಡೆಯುತ್ತದೆ, ಸಾಮಾನ್ಯ ಡಬ್ಬಿಯ ಲ್ಯಾಕರ್ ಕರಗುತ್ತದೆ. ಆದರೆ ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಆಸ್ತಮಾ ತರುವ ವಸ್ತು. ಬಟ್ಟೆ ಮಾಸ್ಕ್ ಅದಕ್ಕೆ ಏನೂ ಅಲ್ಲ. ಸರಿಯಾದ ರಕ್ಷಣೆ ಇಲ್ಲದಿದ್ದರೆ ಕ್ಲಿಯರ್ ಒಂದನ್ನು ಮಾತ್ರ ಪೇಂಟರ್ ಹತ್ತಿರ ಮಾಡಿಸಿ.

ಪ್ರಶ್ನೆ (ಸದಸ್ಯೆ, ಹುಬ್ಬಳ್ಳಿ): ಸರ್, ನನ್ನ ಸ್ಕೂಟರಿನ ಕಾಲಿಡುವ ಜಾಗದ ಕಪ್ಪು ಪ್ಲಾಸ್ಟಿಕ್ ಬೂದು ಬಣ್ಣಕ್ಕೆ ತಿರುಗಿದೆ. ಹೀಟ್ ಗನ್ ಹಿಡಿದರೆ ಕಪ್ಪಾಗುತ್ತದಂತೆ, ನಿಜವೇ?

ಉತ್ತರ: ಆಗುತ್ತದೆ, ಕೆಲವು ತಿಂಗಳು ಇರಲೂಬಹುದು. ಬಿಸಿಲಿಗೆ ಸವೆದ ಮೇಲ್ಪದರ ಕರಗಿ ನಯವಾಗುವುದರಿಂದ ಕಪ್ಪು ಕಾಣುತ್ತದೆ, ಅಷ್ಟೇ. ಒಂದೇ ಕಡೆ ಹಿಡಿದರೆ ತರಿತರಿ ವಿನ್ಯಾಸ ಅಳಿದು ಅಲ್ಲಿ ಮಾತ್ರ ಹೊಳೆಯುತ್ತದೆ, ಇನ್ನೂ ಬಿಸಿಯಾದರೆ ಸೊಟ್ಟಗಾಗುತ್ತದೆ. ಕಾಲು ತಾಗುವ ಜಾಗಕ್ಕೆ ಬಣ್ಣ ಹೊಡೆಯಲೇಬೇಡಿ ಅಮ್ಮಾ, ಚಪ್ಪಲಿಗೆ ಸವೆದುಹೋಗುತ್ತದೆ. ಆ ಭಾಗ ಬಿಡಿಯಾಗಿ ಸಿಕ್ಕಿದರೆ ಹೊಸದನ್ನೇ ಹಾಕಿಸಿ.

ಪ್ರಶ್ನೆ (ಸದಸ್ಯ, ಸಾಗರ): ಹೇಗೂ ಬಿಚ್ಚುತ್ತಿದ್ದೇನೆ, ಟ್ಯಾಂಕ್ ಸಮೇತ ಕೆಂಪು ತೆಗೆದು ಕಪ್ಪು ಮಾಡಿಬಿಟ್ಟರೆ ಹೇಗೆ? ಇಲ್ಲಿ ಮಳೆ ಇನ್ನೂ ನಿಂತಿಲ್ಲ.

ಉತ್ತರ: ಆರ್‌ಸಿಯಲ್ಲಿ ವಾಹನದ ಬಣ್ಣ ನಮೂದಾಗಿರುತ್ತದೆ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಆರ್‌ಸಿ ತಿದ್ದಿಸಿಕೊಳ್ಳಿ, ಇಲ್ಲವಾದರೆ ತಪಾಸಣೆಯಲ್ಲಿ ತಕರಾರು. ಅದೇ ಕೆಂಪು ಹೊಡೆದರೆ ಈ ರಗಳೆ ಇಲ್ಲ. ಮಳೆಯ ತೇವದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಆಮೇಲೆ ಉಜ್ಜಿ ಹೊಳಪು ತರುವುದು ಕಷ್ಟ. ಮೊಳೆಯ ರಿಪೇರಿ, ಪುಟ್ಟಿ ಕೆಲಸ ಈಗಲೇ ಮುಗಿಸಿ ಇಡಿ. ಪ್ರೈಮರ್ ಹೊಡೆಯುವ ದಿನವನ್ನು ಬಿಸಿಲು ಬಂದ ಮೇಲೆ ಗೊತ್ತುಮಾಡಿ, ಅಲ್ಲಿಯವರೆಗೆ ಪ್ಯಾನೆಲ್ ಇಲ್ಲದೆಯೇ ಓಡಿಸುವುದಾದರೆ ಬ್ಯಾಟರಿ ಮತ್ತು ಫ್ಯೂಸ್ ಡಬ್ಬಿಗೆ ಮಾತ್ರ ನೀರು ಹೋಗದಂತೆ ನೋಡಿಕೊಳ್ಳಿ.