ಸಿರಿಧಾನ್ಯ ವರ್ಷ: ‘ನಮ್ಮ ರಾಗಿ’ ಅನ್ನಬಹುದಾ?

ಕೆರೆಕೋಡಿ (ಕೋಲಾರ):
ಚರ್ಚಾಸ್ಪರ್ಧೆಗೆ ಹುಡುಗರನ್ನ ತಯಾರು ಮಾಡ್ಬೇಕು. ವಿಷಯ, ದೇಶಗಳು ತಮ್ಮ ಗುರುತು, ಕಥೆ ಮುಂದಿಟ್ಟು ರಾಜತಾಂತ್ರಿಕತೆ ನಡೆಸೋದು. ವಿಶ್ವಸಂಸ್ಥೆ ಸಾರಿದ 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ತಗೊಂಡು ‘ನಮ್ಮ ರಾಗಿಯನ್ನ ಜಗತ್ತೇ ಒಪ್ಪಿತು’ ಅಂತ ಶುರು ಮಾಡಿದ್ರೆ ಹೇಗೆ?

ಏಕಶಿಲೆ (ಮಧುಗಿರಿ):
ಬೇಡ ಮೇಷ್ಟ್ರೇ, ಎದುರು ತಂಡ ಮೊದಲ ನಿಮಿಷಕ್ಕೇ ಕೆಡವುತ್ತೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಇಥಿಯೋಪಿಯಾದಲ್ಲಿ ಅದು ದಗುಸಾ, ಕೀನ್ಯಾದಲ್ಲಿ ವಿಂಬಿ, ನೇಪಾಳದಲ್ಲಿ ಕೋದೋ. ಭಾರತ ಗೆದ್ದಿದ್ದೇ ‘ನಮ್ಮದು’ ಅನ್ನದೆ. ವಿಶ್ವಸಂಸ್ಥೆಯಲ್ಲಿ ಸಿರಿಧಾನ್ಯ ವರ್ಷದ ನಿರ್ಣಯ ಮಂಡಿಸುವಾಗ ಬಾಂಗ್ಲಾದೇಶ, ಕೀನ್ಯಾ, ನೇಪಾಳ, ನೈಜೀರಿಯಾ, ರಷ್ಯಾ, ಸೆನೆಗಲ್ ಜೊತೆಗಿದ್ವು. ರಾಗಿ ಒಂದನ್ನೇ ಹಿಡಿದಿದ್ರೆ ಸಜ್ಜೆ ಉಣ್ಣೋ ಸೆನೆಗಲ್ ಯಾಕೆ ಬರ್ತಿತ್ತು?

ನಡೆದ ಕ್ರಮ ಹೀಗೆ: 2018ರಲ್ಲಿ ದೇಶದೊಳಗೆ ರಾಷ್ಟ್ರೀಯ ಸಿರಿಧಾನ್ಯ ವರ್ಷ, ಅದೇ ಡಿಸೆಂಬರ್‌ನಲ್ಲಿ ರೋಮ್‌ನ ಆಹಾರ ಮತ್ತು ಕೃಷಿ ಸಂಸ್ಥೆಯ ಮಂಡಳಿ ಒಪ್ಪಿಗೆ, 2021ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, 72 ದೇಶಗಳ ಬೆಂಬಲ. ಸಿರಿಧಾನ್ಯಕ್ಕೆ ‘ಶ್ರೀ ಅನ್ನ’ ಅನ್ನೋ ಹೆಸರು 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ಮೊಳಗಿತು. ಅದು ಮನೆಯವರಿಗೆ ಹೇಳಿದ ಕಥೆ, ನ್ಯೂಯಾರ್ಕ್‌ನ ವಿಶ್ವಸಂಸ್ಥೆ ನಿರ್ಣಯದಲ್ಲಿಲ್ಲ. ಎರಡನ್ನೂ ಬೆರೆಸ್ಬೇಡಿ.

ಬಯಲುಸೀಮೆ:
‘ರೈತನಿಗೇನು ಸಿಕ್ತು’ ಅಂತ ಕೇಳೇ ಕೇಳ್ತಾರೆ. ಇಂಥ ವರ್ಷದ ಜೊತೆ ವಿಶ್ವಸಂಸ್ಥೆ ದುಡ್ಡು ಕೊಡಲ್ಲ, ಖರ್ಚೆಲ್ಲ ದೇಣಿಗೆಯಿಂದ. 2013 ಕ್ವಿನೋವಾ ವರ್ಷ, ಬೊಲಿವಿಯಾದ ಪ್ರಸ್ತಾವ. ಆಂಡೀಸ್ ಪರ್ವತದ ಮೂಲನಿವಾಸಿಗಳ ಧಾನ್ಯ ಅನ್ನೋ ಕಥೆ ಚೆನ್ನಾಗಿ ಓಡ್ತು, ಬೆಲೆಯೂ ಏರ್ತು. ಆಮೇಲೆ ಪೆರುವಿನ ಕರಾವಳಿ ಬಯಲಲ್ಲೂ ಬಿತ್ತಿದ್ರು, ಬೇರೆ ದೇಶಗಳಲ್ಲೂ ಬೆಳೆದ್ರು. 2014ರ ನಂತರ ಬೆಲೆ ಕುಸೀತು. 3,600 ಮೀಟರ್ ಎತ್ತರದ ಹೊಲದಲ್ಲಿ ವರ್ಷಕ್ಕೊಂದೇ ಬೆಳೆ ತೆಗೆಯೋರಿಗೆ ಪೆಟ್ಟು ಬಿತ್ತು.

ಕೆರೆಕೋಡಿ (ಕೋಲಾರ):
‘ನಮ್ಮದೇ’ ಅಂತ ಹಟ ಹಿಡಿದದ್ದಕ್ಕೆ ಉದಾಹರಣೆ? ನಂದಿಬೆಟ್ಟದ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ಸಭೆ ಸೇರಿಸಲಾ?

ಏಕಶಿಲೆ (ಮಧುಗಿರಿ):
1986ರಲ್ಲಿ ಬೆಂಗಳೂರಿನ ಶೃಂಗಸಭೆಗಾಗಿ ನಂದಿಯನ್ನ ಸಿಂಗರಿಸಿದ್ದು ನಿಜ, ಆದ್ರೆ ಅದು ಜಾಗ ತೋರಿಸಿದ್ದು, ಕಥೆಯಲ್ಲ. ಬಿಡಿ. ಕೊರಿಯಾದವರ ಹುಳಿ ತರಕಾರಿ ಕಿಮ್ಚಿ ತಗೊಳ್ಳಿ. 2020ರ ನವೆಂಬರ್‌ನಲ್ಲಿ ಚೀನಾದ ಪಾವ್‌ತ್ಸಾಯ್ ಅನ್ನೋ ಹುಳಿ ತರಕಾರಿಗೆ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡ ಬಂತು. ಇದು ಕಿಮ್ಚಿಗೆ ಅನ್ವಯಿಸಲ್ಲ ಅಂತ ಆ ದಾಖಲೆಯಲ್ಲೇ ಇತ್ತು. ಚೀನಾದ ಒಂದು ಪತ್ರಿಕೆ ಮಾತ್ರ ಕಿಮ್ಚಿಗೇ ಚೀನಾ ಮಾನದಂಡ ಅನ್ನೋ ಹಾಗೆ ಬರೀತು. ದಕ್ಷಿಣ ಕೊರಿಯಾ ಕೆರಳಿತು. ಚೀನೀ ಭಾಷೇಲಿ ಕಿಮ್ಚಿಯನ್ನೂ ಪಾವ್‌ತ್ಸಾಯ್ ಅಂತಲೇ ಕರೀತಿದ್ರು, ಗೊಂದಲದ ಬೇರು ಅಲ್ಲೇ. 2021ರಲ್ಲಿ ಕೊರಿಯಾ ಸರ್ಕಾರ ‘ಶಿನ್‌ಛೀ’ ಅಂತ ಬೇರೆ ಚೀನೀ ಹೆಸರನ್ನೇ ಗೊತ್ತುಮಾಡ್ತು.