ಬರೆದಿಟ್ಟದ್ದು 1,600 ಕ್ಯಾಲೊರಿ, ತೂಕ ಮಾತ್ರ ಕದಲುತ್ತಿಲ್ಲ. ಲೆಕ್ಕ ಎಲ್ಲಿ ಸೋರುತ್ತಿದೆ?

‘ಮುಂಜಾವು’ ಅನ್ನುವ ಹೆಸರಿನವರು ಕೇಳಿದ್ದು (ಉತ್ತರಿಸಿದವರ ಹೆಸರು ಆಯಾ ಉತ್ತರದ ಮೇಲಿದೆ):

ನಮಸ್ಕಾರ. ಐದು ವಾರಗಳ ದಾಖಲೆ ಮುಂದಿಟ್ಟುಕೊಂಡು ಕೇಳುತ್ತಿದ್ದೇನೆ. ಆ್ಯಪ್ ಪ್ರಕಾರ ದಿನದ ಸರಾಸರಿ 1,600 ಕ್ಯಾಲೊರಿ. ತೂಕ ಇದ್ದಲ್ಲೇ ಇರಲು 2,000ದ ಆಸುಪಾಸು ಬೇಕು ಅನ್ನುವುದೂ ಅದೇ ಆ್ಯಪ್. ಹಾಗಿದ್ದರೆ ವಾರಕ್ಕೆ 350 ಗ್ರಾಂನಷ್ಟಾದರೂ ಇಳಿಯಬೇಕಿತ್ತು. ವಾರದ ಸರಾಸರಿ ತೂಕ ಗೆರೆ ಎಳೆದ ಹಾಗೆ ನಿಂತಿದೆ.

ಬರೆಯುವ ರೀತಿ ಹೀಗಿದೆ: ಅಕ್ಕಿ ಮತ್ತು ಮಾಂಸ ತಕ್ಕಡಿಯಲ್ಲಿ ತೂಗಿ. ಎಣ್ಣೆ, ಸಕ್ಕರೆ ಚಮಚದ ಲೆಕ್ಕ. ಬಾದಾಮಿ, ಕಡಲೆಕಾಯಿ ಬೀಜ ಹಿಡಿ ಲೆಕ್ಕ. ಅಡುಗೆ ಮಾಡುತ್ತಾ ರುಚಿ ನೋಡಿದ್ದು ಬರೆಯುವುದಿಲ್ಲ. ಶನಿವಾರ, ಭಾನುವಾರ ಕೆಲವೊಮ್ಮೆ ಖಾಲಿ. ವ್ಯಾಯಾಮದ ಕ್ಯಾಲೊರಿಯನ್ನು ವಾಚ್‌ನಿಂದ ಆ್ಯಪ್ ತಾನೇ ಸೇರಿಸಿಕೊಳ್ಳುತ್ತದೆ.

ದೊಡ್ಡ ಸೋರಿಕೆ ಯಾವುದು? ಸೊಪ್ಪಿನ ಎಲೆ ಎಲೆಯನ್ನೂ ತೂಗದೆ ಅದನ್ನು ಸರಿಮಾಡಲು ಸಾಧ್ಯವೇ? ಇನ್ನೊಂದು, ಆ್ಯಪ್‌ನಲ್ಲಿ ಒಂದೇ ತಿನಿಸಿಗೆ ಐದು ನಮೂದು ಬಂದಾಗ ಕೈ ತಾನಾಗಿಯೇ ಕಡಿಮೆ ಅಂಕಿ ಇರುವುದನ್ನು ಒತ್ತುತ್ತದೆ. ಅದಕ್ಕೇನು ಮಾಡಬೇಕು?

ತಕ್ಕಡಿ ಮುಳ್ಳು:

ಮೊದಲು ಎಣ್ಣೆ ನೋಡಿ, ಉಳಿದದ್ದು ಆಮೇಲೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿಗೆ 4. ಅಳತೆಯ ಟೇಬಲ್ ಚಮಚ ಅಂದರೆ 15 ಮಿಲಿ, ಎಣ್ಣೆಯಾದರೆ ಸುಮಾರು 14 ಗ್ರಾಂ, 120 ಕ್ಯಾಲೊರಿ. ಆದರೆ ಊಟ ಮಾಡುವ ಚಮಚ ಅಳತೆಯ ಚಮಚವಲ್ಲ, ಬಾಟಲಿ ಬಗ್ಗಿಸಿ ಕಣ್ಣಂದಾಜಿನಲ್ಲಿ ಸುರಿದದ್ದಂತೂ ಅಲ್ಲವೇ ಅಲ್ಲ. ದಿನಕ್ಕೆ ಎರಡು ಸಲ, ಪ್ರತಿ ಸಲ 10 ಗ್ರಾಂ ಹೆಚ್ಚು ಬಿದ್ದರೂ 180 ಕ್ಯಾಲೊರಿ. ನೀವು ಉಳಿಸಿದ್ದೇನೆ ಅಂದುಕೊಂಡ 400ರಲ್ಲಿ ಹತ್ತಿರಹತ್ತಿರ ಅರ್ಧ ಅಲ್ಲೇ ಹೋಯಿತು.

ಚಮಚ ಬಿಡಿ, ಬಾಟಲಿಯನ್ನೇ ತೂಗಿ. ಬಾಟಲಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬಾಣಲೆಗೆ ಸುರಿದು, ಬಾಟಲಿಯನ್ನು ಮತ್ತೆ ಅಲ್ಲೇ ಇಡಿ. −11 ಅಂತ ತೋರಿಸಿದರೆ 11 ಗ್ರಾಂ ಹೋಗಿದೆ, 99 ಕ್ಯಾಲೊರಿ. ಬೆಣ್ಣೆ, ಜೇನುತುಪ್ಪ, ಪೀನಟ್ ಬಟರ್, ಸಕ್ಕರೆ ಡಬ್ಬಿ ಎಲ್ಲಕ್ಕೂ ಇದೇ ಕ್ರಮ. ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಬ್ರೆಡ್ಡಿಗೆ ಸವರಿದ ಮೇಲೆ ಚಮಚಕ್ಕೆ ಅಂಟಿಕೊಂಡು ಬಾಯಿಗೆ ಹೋದದ್ದೂ ಲೆಕ್ಕಕ್ಕೆ ಸಿಗುತ್ತದೆ, ಯಾಕೆಂದರೆ ಅದೂ ಡಬ್ಬಿಯಿಂದಲೇ ಹೋದದ್ದು.

ಹಿಡಿ ಲೆಕ್ಕವೂ ಹಾಗೇ. 30 ಗ್ರಾಂ ಕಡಲೆಕಾಯಿ ಬೀಜಕ್ಕೆ 170 ಕ್ಯಾಲೊರಿ. ಆದರೆ ಕೈ ತುಂಬಿಸಿ ತೆಗೆದರೆ 45, 50 ಗ್ರಾಂ ಸಲೀಸಾಗಿ ಬರುತ್ತದೆ. ಸಕ್ಕರೆ ಸಮತಟ್ಟು ಟೀ ಚಮಚಕ್ಕೆ 4 ಗ್ರಾಂ, ಗೋಪುರದ ಹಾಗೆ ತುಂಬಿದರೆ ಇನ್ನೂ ಎರಡು ಮೂರು ಗ್ರಾಂ ಹೆಚ್ಚು.

ತಕ್ಕಡಿಯನ್ನೂ ಒಮ್ಮೆ ಪರೀಕ್ಷಿಸಿ. ಒಂದು ಸಣ್ಣ ಡಬ್ಬಿಯನ್ನು ಒಂಟಿಯಾಗಿ ತೂಗಿ. ಆಮೇಲೆ ಕಿಲೋದಷ್ಟು ಭಾರದ ಪಾತ್ರೆ ಇಟ್ಟು, ಸೊನ್ನೆ ಮಾಡಿ, ಅದರ ಮೇಲೆ ಅದೇ ಡಬ್ಬಿ ಇಡಿ. ಎರಡೂ ಸಲ ಅಂಕಿ ಒಂದೇ ಇರಬೇಕು. ಬ್ಯಾಟರಿ ಸೊರಗಿದ್ದರೆ, ಮೇಜು ಸಮತಟ್ಟಾಗಿಲ್ಲದಿದ್ದರೆ ಇಲ್ಲೇ ಗೊತ್ತಾಗುತ್ತದೆ. ಮತ್ತೊಂದು ತೊಂದರೆ ಬಹಳ ಜನರಿಗೆ ತಿಳಿದಿರುವುದಿಲ್ಲ: ತಕ್ಕಡಿಯ ಮೇಲಿರುವ ಬಟ್ಟಲಿಗೆ ಚೂರು ಚೂರೇ ನಿಧಾನವಾಗಿ ಉದುರಿಸಿದರೆ ಎಷ್ಟೋ ಡಿಜಿಟಲ್ ತಕ್ಕಡಿಗಳು ಆ ಏರಿಕೆಯನ್ನು ಸೊನ್ನೆಯ ಅಲುಗಾಟ ಅಂತ ತಿಳಿದು ನುಂಗಿಬಿಡುತ್ತವೆ. 6 ಗ್ರಾಂ ಹಾಕಿದ್ದರೂ 2 ತೋರಿಸಬಹುದು. ಬಾಟಲಿಯನ್ನು ಎತ್ತಿ ವಾಪಸ್ ಇಡುವ ಕ್ರಮದಲ್ಲಿ ಈ ತೊಂದರೆಯೇ ಬರುವುದಿಲ್ಲ.

ಸೊಪ್ಪು, ಸೌತೆಕಾಯಿ, ಟೊಮೆಟೊ ಕಣ್ಣಂದಾಜಿನಲ್ಲಿ ಬರೆಯಿರಿ. 100 ಗ್ರಾಂಗೆ 15ರಿಂದ 25 ಕ್ಯಾಲೊರಿ ಅಷ್ಟೇ. ಅಲ್ಲಿ 100 ಗ್ರಾಂ ತಪ್ಪಿದರೂ ಎರಡೂವರೆ ಗ್ರಾಂ ಎಣ್ಣೆ ತಪ್ಪಿದಷ್ಟು.

ಪಾತ್ರೆ ಲೆಕ್ಕ:

ಹಸಿ-ಬೆಂದದ್ದರ ಗೊಂದಲ ಇದೆಯೇ ನೋಡಿಕೊಳ್ಳಿ. ಒಣ ಅಕ್ಕಿ 100 ಗ್ರಾಂಗೆ ಸುಮಾರು 360 ಕ್ಯಾಲೊರಿ, ಬೆಂದ ಅನ್ನ 100 ಗ್ರಾಂಗೆ ಸುಮಾರು 130. 150 ಗ್ರಾಂ ಅಕ್ಕಿ ತೂಗಿ ‘ಅನ್ನ’ ಅನ್ನುವ ನಮೂದು ಒತ್ತಿದರೆ 540 ಇರಬೇಕಾದಲ್ಲಿ 195 ಬೀಳುತ್ತದೆ. ಮಾಂಸದಲ್ಲಿ ಇದು ತಿರುವುಮುರುವು. ಬೇಯುವಾಗ ನೀರು ಹೋಗಿ ತೂಕ ಕಾಲುಭಾಗದಷ್ಟು ಇಳಿಯುವುದರಿಂದ, ಚರ್ಮ ತೆಗೆದ ಕೋಳಿಯ ಎದೆಮಾಂಸ ಹಸಿಯಾಗಿ 100 ಗ್ರಾಂಗೆ 120 ಕ್ಯಾಲೊರಿ ಇದ್ದದ್ದು ಬೆಂದ ಮೇಲೆ 165. ಬೆಂದದ್ದು ತೂಗಿ ಹಸಿಯ ನಮೂದು ಹಾಕಿದರೆ ಪ್ರತಿ ಸಲವೂ ಕಡಿಮೆ ಬರೆದಂತೆ.

ಒಂದೇ ಪಾತ್ರೆಯಲ್ಲಿ ಮನೆಯವರಿಗೆಲ್ಲ ಬೇಯಿಸುವಾಗ: ಖಾಲಿ ಪಾತ್ರೆಗಳ ತೂಕವನ್ನೆಲ್ಲ ಒಮ್ಮೆ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ. ಉದಾಹರಣೆಗೆ ಪಾತ್ರೆ 640 ಗ್ರಾಂ. ಒಳಗೆ ಬೇಳೆ 200 ಗ್ರಾಂ (700 ಕ್ಯಾಲೊರಿ), ಎಣ್ಣೆ 22 ಗ್ರಾಂ (198), ತರಕಾರಿ 400 ಗ್ರಾಂ (120), ಒಟ್ಟು 1,018. ಬೆಂದ ಮೇಲೆ ಪಾತ್ರೆ ಸಮೇತ 2,040 ಗ್ರಾಂ ಬಂದರೆ ಅಡುಗೆಯ ತೂಕ 1,400. ಗ್ರಾಂಗೆ 0.73 ಕ್ಯಾಲೊರಿ. ನಿಮ್ಮ ಬಟ್ಟಲಿಗೆ 320 ಗ್ರಾಂ ಬಡಿಸಿಕೊಂಡರೆ 233. ನೀರು ಎಷ್ಟು ಹಾಕಿದಿರಿ ಅನ್ನುವುದು ಬೇಕೇ ಇಲ್ಲ.

ಇದು ಕೈಕೊಡುವುದು ಎರಡು ಕಡೆ. ಎಣ್ಣೆ ಮೇಲೆ ತೇಲುತ್ತದೆ, ತಳದಿಂದ ಕಲಕದೆ ಬಡಿಸಿಕೊಂಡರೆ ಮೇಲಿನ ಸೌಟಿಗೆ ಹೆಚ್ಚು ಹೋಗುತ್ತದೆ. ಮಾರನೇ ದಿನ ಬಿಸಿಮಾಡಿದಾಗ ಅಡುಗೆ ಗಟ್ಟಿಯಾಗುತ್ತದೆ, ಹಿಂದಿನ ದಿನದ 0.73 ಆಗ ನಡೆಯುವುದಿಲ್ಲ. ಉಳಿದ ಕ್ಯಾಲೊರಿಯನ್ನು ಹೊಸ ತೂಕದಿಂದ ಭಾಗಿಸಿ.

ಕರಿದ ತಿನಿಸಾದರೆ ಕರಿಯುವ ಮುಂಚೆ ಎಣ್ಣೆಯನ್ನು ಪಾತ್ರೆ ಸಮೇತ ತೂಗಿ, ಪೂರ್ತಿ ಆರಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದನ್ನು ತುಂಡುಗಳಿಗೆ ಹಂಚಿ. ಬಿಸಿ ಎಣ್ಣೆಯನ್ನು ಎತ್ತಿ ತಕ್ಕಡಿಗಿಡಲು ಹೋಗಬೇಡಿ.

ಆ್ಯಪ್‌ನ ನಮೂದು ನಂಬಬಹುದೇ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರೋಟೀನ್ 20, ಕಾರ್ಬೋಹೈಡ್ರೇಟ್ 30, ಕೊಬ್ಬು 15 ಗ್ರಾಂ ಅಂತಿದ್ದು ಪಕ್ಕದಲ್ಲಿ 210 ಕ್ಯಾಲೊರಿ ಅಂತಿದ್ದರೆ ಅದು ಸುಳ್ಳು: 80 + 120 + 135 ಸೇರಿ 335 ಬರಬೇಕು. ನಾರಿನಂಶದಿಂದಾಗಿ ಸ್ವಲ್ಪ ಹೆಚ್ಚುಕಡಿಮೆ ಸಹಜ. ಇಷ್ಟೊಂದು ಅಂತರ ಬಳಕೆದಾರರು ತಾವೇ ಸೇರಿಸಿದ ನಮೂದುಗಳಲ್ಲಿ ಕಾಣಸಿಗುತ್ತದೆ. ಪೊಟ್ಟಣದ ಮೇಲೆ ಕಿಲೋಜೂಲ್ (ಶಕ್ತಿಯ ಇನ್ನೊಂದು ಅಳತೆ) ಇದ್ದರೆ 4.184ರಿಂದ ಭಾಗಿಸಿ, ಕ್ಯಾಲೊರಿ ಬರುತ್ತದೆ.

ಮುಂಜಾವು:

ಇಬ್ಬರಿಗೂ ಧನ್ಯವಾದ. ಅಕ್ಕಿಗೆ ಒಣ ಅಕ್ಕಿಯ ನಮೂದೇ ಇದೆ, ಅಲ್ಲಿ ಸರಿ. ಎಣ್ಣೆ ಬಾಟಲಿ ತೂಗಿದರೆ −24. ಬರೆದಿದ್ದದ್ದು ಒಂದು ಚಮಚ. ಕೈ ಕಡಿಮೆ ಅಂಕಿಯ ಕಡೆಗೇ ಹೋಗುವುದರ ಬಗ್ಗೆ, ಖಾಲಿ ಬಿಟ್ಟ ದಿನಗಳ ಬಗ್ಗೆ ಯಾರಾದರೂ ಹೇಳುತ್ತೀರಾ?

ಕಪ್ಪು ಶಾಯಿ:

ನೀವು ಕೇಳಿದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ಇದು ನಿಮ್ಮೊಬ್ಬರ ದೌರ್ಬಲ್ಯವೂ ಅಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದ ಹತ್ತು ಜನರಿಗೆ ಐಸೋಟೋಪ್ (ದೇಹದೊಳಗೆ ಗುರುತು ಹಿಡಿಯಬಹುದಾದ ಪರಮಾಣು) ಬೆರೆಸಿದ ನೀರು ಕುಡಿಸಿ, ದೇಹ ನಿಜಕ್ಕೂ ಎಷ್ಟು ಶಕ್ತಿ ಖರ್ಚು ಮಾಡುತ್ತಿದೆ ಅಂತ ಅಳೆದರು. ಅವರ ಚಯಾಪಚಯ (ದೇಹ ಶಕ್ತಿ ಬಳಸುವ ಕ್ರಿಯೆ) ಸಹಜವಾಗಿಯೇ ಇತ್ತು. ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ದೈಹಿಕ ಚಟುವಟಿಕೆಯನ್ನು 51% ಹೆಚ್ಚು.

ತಪ್ಪಿನಲ್ಲಿ ಎರಡು ಬಗೆ. ದಿನವೂ ಒಂದೇ ತೆರನಾಗಿ 200 ಬಿಟ್ಟುಹೋದರೆ ದಾಖಲೆ ಕೆಡುವುದಿಲ್ಲ, ಬರೆದ ಅಂಕಿಯಿಂದ ಒಂದಷ್ಟು ಇಳಿಸಿದರೆ ತೂಕವೂ ಇಳಿಯುತ್ತದೆ. ಕೆಡಿಸುವುದು ಆರಿಸಿ ಬಿಡುವ ತಪ್ಪು. ಹಿತವಾಗಿ ತಿಂದ ದಿನ ಗ್ರಾಂ ಲೆಕ್ಕದಲ್ಲಿ ಬರೆದು, ಹೆಚ್ಚು ತಿಂದ ದಿನ ಪುಟ ಖಾಲಿ ಬಿಟ್ಟರೆ, ಸರಾಸರಿ ಬರುವುದು ಒಳ್ಳೆಯ ದಿನಗಳದ್ದು ಮಾತ್ರ. ಐದು ದಿನ 1,600, ಬರೆಯದ ಎರಡು ದಿನ 2,700 ಅಂತಿಟ್ಟುಕೊಳ್ಳಿ. 8,000 + 5,400 = 13,400, ಏಳರಿಂದ ಭಾಗಿಸಿದರೆ 1,914. ನಿಮ್ಮ ಗೆರೆ ಯಾಕೆ ನೇರ ನಿಂತಿದೆ ಅನ್ನುವುದಕ್ಕೆ ಎಣ್ಣೆಯ ಜೊತೆ ಇದನ್ನೂ ಸೇರಿಸಿ ನೋಡಿ.

ಕೈಯನ್ನು ತಡೆಯಲು ಬರೆಯುವುದನ್ನೂ ಕ್ಯಾಲೊರಿ ಹುಡುಕುವುದನ್ನೂ ಬೇರೆ ಮಾಡಿ. ಹಗಲು ಒಂದು ಚೀಟಿಯಲ್ಲಿ ತಿನಿಸು ಮತ್ತು ಗ್ರಾಂ ಮಾತ್ರ, ಅದೂ ಬಾಯಿಗಿಡುವ ಮುಂಚೆ: ಬಾದಾಮಿ 41, ಹಾಲು 180, ಎಣ್ಣೆ 24. ರಾತ್ರಿ ಒಟ್ಟಿಗೆ ಆ್ಯಪ್‌ಗೆ ಏರಿಸಿ. ಪದೇ ಪದೇ ತಿನ್ನುವ ಇಪ್ಪತ್ತು ಮೂವತ್ತು ಪದಾರ್ಥಗಳಿಗೆ ಒಮ್ಮೆ ಕೂತು ಸರಿಯಾದ ನಮೂದು ಹುಡುಕಿ, ಮೇಲೆ ಹೇಳಿದ 4-4-9 (ಪ್ರೋಟೀನ್, ಕಾರ್ಬೋಹೈಡ್ರೇಟ್, ಕೊಬ್ಬು) ಪರೀಕ್ಷೆ ಮಾಡಿ, ‘ನನ್ನ ಪಟ್ಟಿ’ಗೆ ಸೇರಿಸಿಬಿಡಿ. ಆರಿಸುವ ಅವಕಾಶವೇ ಇಲ್ಲದಿದ್ದರೆ ಕಡಿಮೆಯದ್ದನ್ನು ಆರಿಸುವ ಮಾತೂ ಇಲ್ಲ.

ತೂಗಲಾಗದ ಕಡೆ ಊಹೆಗೂ ಒಂದು ನಿಯಮ ಇರಲಿ. ಕನಿಷ್ಠ ಎಷ್ಟಿರಬಹುದು, ಗರಿಷ್ಠ ಎಷ್ಟಿರಬಹುದು ಅಂತ ಎರಡನ್ನೂ ಬರೆದು, ಯಾವಾಗಲೂ ಗರಿಷ್ಠದ್ದನ್ನೇ ಹಿಡಿಯಿರಿ. ಆ ದಿನದ ಮನಸ್ಸು ನೋಡಿ ನಿಯಮ ಬದಲಿಸಬೇಡಿ. ಪ್ರತಿ ಸಾಲಿನ ಮುಂದೆ ತೂಗಿದ್ದಕ್ಕೆ ‘ತೂ’, ಊಹಿಸಿದ್ದಕ್ಕೆ ‘ಊ’ ಅಂತ ಗುರುತು ಹಾಕಿ. ವಾರದ ಕೊನೆಗೆ ‘ಊ’ ಸಾಲುಗಳ ಕ್ಯಾಲೊರಿ ಕೂಡಿ. ಅದು ಒಟ್ಟಿನ ಮೂರನೇ ಒಂದು ಭಾಗ ದಾಟಿದ್ದರೆ ಸರಾಸರಿಯನ್ನು ಆಧಾರ ಮಾಡಿಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ.

ಖಾಲಿ ದಿನ ಅನ್ನುವುದು ಬೇಡವೇ ಬೇಡ. ಮರೆತಿದ್ದರೆ ‘ಭಾನುವಾರ, ಊಹೆ, 2,800’ ಅಂತ ಒಂದೇ ಸಾಲು ಸಾಕು.

ರುಚಿ ನೋಡಿದ್ದಕ್ಕೆ ಒಂದು ದಿನದ ಪ್ರಯೋಗ: ಅಡುಗೆ ಮಾಡುವಾಗ ಒಂದು ಲೋಟ ಪಕ್ಕದಲ್ಲಿಟ್ಟುಕೊಳ್ಳಿ. ಬಾಯಿಗೆ ಎಷ್ಟು ಹೋಯಿತೋ ಪ್ರತಿ ಸಲ ಅಷ್ಟನ್ನೇ ಲೋಟಕ್ಕೂ ಹಾಕಿ. ಮಕ್ಕಳ ತಟ್ಟೆಯಲ್ಲಿ ಉಳಿದದ್ದು ತಿಂದರೆ ಅದಕ್ಕೂ ಹಾಗೇ. ರಾತ್ರಿ ಲೋಟ ತೂಗಿ ಲೆಕ್ಕ ಹಾಕಿ. ಆ ಅಂಕಿಯನ್ನು ಇನ್ನುಮುಂದೆ ದಿನವೂ ‘ರುಚಿ’ ಅಂತ ಒಂದು ಸಾಲಾಗಿ ಸೇರಿಸಿ, ತುತ್ತು ತುತ್ತೂ ಬರೆಯಬೇಕಿಲ್ಲ.

ವಾಚ್‌ನ ಜೋಡಣೆ ತೆಗೆದುಬಿಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಹೃದಯಬಡಿತ ಬಹುತೇಕ ಸರಿಯಿತ್ತು, ಕ್ಯಾಲೊರಿಯಲ್ಲಿ ಮಾತ್ರ ಅತಿ ನಿಖರವಾದದ್ದೂ ಸರಾಸರಿ 27% ತಪ್ಪಿತ್ತು. ಮೇಲಾಗಿ 2,000 ಅನ್ನುವ ಅಂದಾಜಿನಲ್ಲಿ ನಿಮ್ಮ ಓಡಾಟ ಆಗಲೇ ಸೇರಿದ್ದರೆ ಒಂದೇ ವ್ಯಾಯಾಮವನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ.

ಪಾತ್ರೆ ಲೆಕ್ಕ:

ಮೇಲಿನದಕ್ಕೆ ಒಂದು ಸೇರ್ಪಡೆ. ಹೊಸ ಕ್ರಮದಲ್ಲಿ 28 ದಿನ ಬರೆದ ಮೇಲೆ ಆ್ಯಪ್ ಹೇಳಿದ 2,000 ಮರೆತು ನಿಮ್ಮ ದಾಖಲೆಯಿಂದಲೇ ಲೆಕ್ಕ ಹಾಕಿ. ದೇಹದ ಕೊಬ್ಬು ಕಿಲೋಗೆ ಸುಮಾರು 7,700 ಕ್ಯಾಲೊರಿ. ಮೊದಲ ವಾರದ ಸರಾಸರಿ ತೂಕಕ್ಕೂ ಐದನೇ ವಾರದ್ದಕ್ಕೂ ಅರ್ಧ ಕಿಲೋ ಇಳಿಕೆ ಇದ್ದರೆ 3,850, ಅದನ್ನು 28ರಿಂದ ಭಾಗಿಸಿದರೆ ದಿನಕ್ಕೆ 140ರಷ್ಟು ಕೊರತೆ. ಬರೆದ ಸರಾಸರಿ 1,850 ಆಗಿದ್ದರೆ ತೂಕ ನಿಲ್ಲುವ ಅಂಕಿ 1,990. ಉಳಿದುಕೊಂಡ ಸಣ್ಣಪುಟ್ಟ ತಪ್ಪುಗಳೂ ಇದರೊಳಗೇ ಬಂದುಬಿಡುತ್ತವೆ.

ಒಂದೊಂದು ದಿನದ ತೂಕ ನೋಡಿ ಗಾಬರಿಯಾಗಬೇಡಿ. ಯಕೃತ್ತು, ಸ್ನಾಯುಗಳಲ್ಲಿ ಸೇರುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಡುವ ಕಾರ್ಬೋಹೈಡ್ರೇಟ್) ಜೊತೆ ಸುಮಾರು 3 ಗ್ರಾಂ ನೀರು ನಿಲ್ಲುತ್ತದೆ, ಉಪ್ಪು ಹೆಚ್ಚಾದರೂ ನೀರು ನಿಲ್ಲುತ್ತದೆ. ಮುಟ್ಟಾಗುವವರು ಚಕ್ರದ ಅದೇ ಹಂತದ ತೂಕಕ್ಕೆ ಹೋಲಿಸಬೇಕು, ಹಿಂದಿನ ವಾರಕ್ಕಲ್ಲ.

ತಿಳಿಗೊಳ:

ಮೇಲಿನವರು ಹೇಳಿದ್ದೆಲ್ಲ ಸರಿ. ಇದನ್ನು ಓದುವ ಬೇರೆಯವರಿಗಾಗಿ ಇಷ್ಟು. ಮೊದಲು ಯಾವಾಗಲಾದರೂ ಊಟದ ವಿಷಯದಲ್ಲಿ ಕಾಯಿಲೆ ಅನ್ನುವಷ್ಟು ನರಳಿದವರು ಈ ಗ್ರಾಂ ಲೆಕ್ಕಕ್ಕೆ ಇಳಿಯಬೇಡಿ. ತೂಗಲಾಗಲಿಲ್ಲ ಅಂತ ಊಟ ಬಿಡುವುದು, ನಿನ್ನೆ 2,700 ಆಯಿತು ಅಂತ ಇವತ್ತು 500ರಲ್ಲಿ ನಿಲ್ಲಿಸುವುದು, ಇನ್ನೊಬ್ಬರು ಮಾಡಿದ ಅಡುಗೆ ತಿನ್ನಲು ಭಯವಾಗುವುದು, ಇಷ್ಟರಲ್ಲಿ ಒಂದು ಕಂಡರೂ ಬರೆಯುವುದನ್ನು ನಿಲ್ಲಿಸಿ ವೈದ್ಯರ ಹತ್ತಿರ ಮಾತಾಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಇಳಿಸಿದರೆ ರಕ್ತದ ಸಕ್ಕರೆ ಕುಸಿಯುವ ಅಪಾಯವಿದೆ. ಬಸುರಿಯರಿಗೆ, ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಸಲ್ಲದು.

ಮುಂಜಾವು ಅವರೇ, ಎಣ್ಣೆ 24 ಅಂತ ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಬರೆದಿರಲ್ಲ, ಚೀಟಿಯಲ್ಲೂ ಹಾಗೇ ಬರೆಯಿರಿ. ಈ ಶನಿವಾರ-ಭಾನುವಾರದ ಸಾಲುಗಳನ್ನೂ ತುಂಬಿಸಿ ಇಲ್ಲಿ ಹಾಕಿದರೆ ಒಟ್ಟಿಗೆ ನೋಡೋಣ.