ಐಸ್ ಪ್ಲಾಂಟ್ ಹಾಯಿಸ್ಟ್: ಪಿಎಲ್‌ಸಿ ಒಂದು ಸ್ಟೆಪ್ ಹಾರಿ ಮುಂದೆ ಹೋಗುತ್ತಿದೆ

ಬೈತಖೋಲ_ವೈರ್‌ಮನ್
ಕಾರವಾರದ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ. ಬ್ರೈನ್ (ತಣ್ಣಗಿನ ಉಪ್ಪುನೀರು) ಟ್ಯಾಂಕಿನಿಂದ ಒಂದು ಸಾಲು ಕ್ಯಾನ್ ಎತ್ತಬೇಕು, ನೀರಿನ ತೊಟ್ಟಿಯಲ್ಲಿ ಅದ್ದಿ ಐಸ್ ಸಡಿಲ ಮಾಡಬೇಕು, ಮಗುಚಬೇಕು, ಮತ್ತೆ ನೀರು ತುಂಬಿ ಇಳಿಸಬೇಕು. ಎತ್ತಿ ಇಳಿಸುವ ಹಾಯಿಸ್ಟನ್ನು ಪಿಎಲ್‌ಸಿ (ಯಂತ್ರ ಓಡಿಸುವ ಚಿಕ್ಕ ಕಂಪ್ಯೂಟರ್) ನಡೆಸುತ್ತದೆ. ಅದರ ಲ್ಯಾಡರ್ ಪ್ರೋಗ್ರಾಂನಲ್ಲಿ ಹಂತಕ್ಕೊಂದು ಬಿಟ್ (ಆನ್/ಆಫ್ ಗುರುತು) ಸೆಟ್, ರಿಸೆಟ್ ಮಾಡಿ ಬರೆದಿದ್ದೇನೆ. ಕೆಲವು ಸಲ ತೊಟ್ಟಿಗೆ ಇಳಿಸಿದ ತಕ್ಷಣ ಎತ್ತಿ ಮಗುಚಲು ಹೋಗುತ್ತದೆ, ಐಸ್ ಕ್ಯಾನಿಗೇ ಅಂಟಿಕೊಂಡಿರುತ್ತದೆ. ಇನ್ನೊಂದು, ಕರೆಂಟ್ ಹೋಗಿ ಬಂದರೆ ಕ್ಯಾನ್ ಮೇಲೆ ನೇತಾಡುತ್ತಿದ್ದರೂ ಮೊದಲ ಹಂತದಿಂದ ಶುರು ಮಾಡುತ್ತದೆ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುತ್ತವೆ, ಆಮೇಲೆ ಪ್ಲಾಂಟ್ ನಿಲ್ಲಿಸೋಕೆ ಆಗಲ್ಲ. ಯಾರಾದರೂ ದಾರಿ ಹೇಳಿ.

ಶಿರಸಿ_ಪ್ಯಾನೆಲ್
ಅದ್ದುವ ಹಂತಕ್ಕೆ ರಿಟೆಂಟಿವ್ ಟೈಮರ್ ಹಾಕಿದ್ದೀರಾ? ಮಧ್ಯದಲ್ಲಿ ಸ್ಟಾಪ್ ಒತ್ತಿದರೆ ಅದು ಎಣಿಸಿದ್ದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಮುಂದಿನ ಸಾಲು ಬಂದಾಗ ಟೈಮ್ ಮುಗಿದೇ ಇರುತ್ತದೆ, ಹಂತಕ್ಕೆ ಬಂದ ಕೂಡಲೇ ದಾಟಿಹೋಗುತ್ತದೆ. ಮಾಮೂಲಿ ಆನ್-ಡಿಲೇ ಟೈಮರ್ ಹಾಕಿ, ಆ ಹಂತದಿಂದಲೇ ಓಡಿಸಿ. ಹಂತ ಬಿಟ್ಟರೆ ತಾನೇ ಸೊನ್ನೆಗೆ ಬರುತ್ತದೆ.

ಇನ್ನು ಅಷ್ಟೊಂದು ಬಿಟ್ ಬೇಡ. ಎರಡು ಬಿಟ್ ಒಟ್ಟಿಗೆ ಆನ್ ಆಗಿ ಕೂತರೆ ಹುಡುಕಿ ಹುಡುಕಿ ಸಾಕಾಗುತ್ತದೆ. ಒಂದೇ ರಿಜಿಸ್ಟರ್‌ನಲ್ಲಿ (ನಂಬರ್ ಇಡುವ ಮೆಮೊರಿ ಜಾಗ) ಹಂತದ ನಂಬರ್ ಇಡಿ: 0, 10, 20, 30. ನಡುವೆ ಜಾಗ ಬಿಟ್ಟರೆ ಮುಂದೆ 15 ಸೇರಿಸಬಹುದು. ಹಂತ ದಾಟಿಸುವ ರಂಗ್‌ಗಳೆಲ್ಲ (ಲ್ಯಾಡರ್‌ನ ಮೆಟ್ಟಿಲುಗಳು) ಒಂದು ಕಡೆ, ಔಟ್‌ಪುಟ್ ಎಲ್ಲಾ ಕೊನೆಯಲ್ಲಿ, ಒಂದೊಂದು ಕಾಯಿಲ್ (ಔಟ್‌ಪುಟ್ ಆನ್ ಮಾಡುವ ಗುರುತು) ಒಂದೇ ಸಲ. ಅದೇ ಕಾಯಿಲ್ ಎರಡು ಕಡೆ ಬರೆದರೆ ಕೊನೆಯ ರಂಗ್ ಹೇಳಿದ್ದೇ ನಡೆಯುತ್ತದೆ. ಮುಂದಿನ ನಂಬರನ್ನು ಬೇರೆ ರಿಜಿಸ್ಟರ್‌ಗೆ ಹಾಕಿ, ಸ್ಕ್ಯಾನ್ (ಪ್ರೋಗ್ರಾಂ ಮೇಲಿಂದ ಕೆಳಗೆ ಓಡುವ ಒಂದು ಸುತ್ತು) ಕೊನೆಗೆ ಮಾತ್ರ ಇದಕ್ಕೆ ಕಾಪಿ ಮಾಡಿ. ಆಗ ಒಂದೇ ಸ್ಕ್ಯಾನ್‌ನಲ್ಲಿ ಎರಡು ಹಂತ ದಾಟುವುದಿಲ್ಲ.

ಕುಮಟಾ_ಕಂಟ್ರೋಲ್ಸ್
ಕರೆಂಟ್ ವಿಷಯ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ ಮಾರಾಯ್ರೇ. ಹಂತದ ನಂಬರನ್ನು ಕರೆಂಟ್ ಹೋದರೂ ಉಳಿಯುವ ರಿಜಿಸ್ಟರ್‌ನಲ್ಲೇ ಇಡಿ, ಆದರೆ ಕರೆಂಟ್ ಬಂದ ಕೂಡಲೇ ತಾನೇ ಮುಂದುವರಿಯಲು ಬಿಡಬೇಡಿ. ಅಷ್ಟರಲ್ಲಿ ಯಾರೋ ಕೆಳಗೆ ಬಂದು ನಿಂತಿರಬಹುದು, ಚೈನ್ ಎಳೆದು ಕ್ಯಾನ್ ಸರಿಸಿರಬಹುದು. ಮೊದಲ ಸ್ಕ್ಯಾನ್‌ನಲ್ಲಿ ಔಟ್‌ಪುಟ್ ಎಲ್ಲಾ ಆಫ್, ಸೀದಾ ಹೋಲ್ಡ್. ಲಿಮಿಟ್ ಸ್ವಿಚ್‌ಗಳು (ಹಾಯಿಸ್ಟ್ ಎಲ್ಲಿದೆ ಎಂದು ತಿಳಿಸುವ ಸ್ವಿಚ್‌ಗಳು) ಆ ಹಂತಕ್ಕೆ ಹೊಂದಿದರೆ, ಆಪರೇಟರ್ ಕಣ್ಣಾರೆ ನೋಡಿ ಬಟನ್ ಒತ್ತಿದರೆ ಮಾತ್ರ ಮುಂದೆ.

ಎತ್ತುವ ಹಂತಕ್ಕೆ ಮೇಲಿನ ಸ್ವಿಚ್ ಆನ್ ಆದರೆ ಸಾಲದು, ಕೆಳಗಿನದು ಆಫ್ ಆಗಿರಲೇಬೇಕು. ಬ್ರೈನ್ ಬಿದ್ದು ಬಿದ್ದು ಸ್ವಿಚ್ ತುಕ್ಕು ಹಿಡಿದು ಆನ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರತಿ ಹಂತಕ್ಕೂ ಗಡುವು ಇರಲಿ. 12 ಸೆಕೆಂಡಿನ ಕೆಲಸಕ್ಕೆ 18 ದಾಟಿದರೆ ನಿಂತು ಹಂತದ ನಂಬರ್ ತೋರಿಸಲಿ. ಎಮರ್ಜೆನ್ಸಿ ಸ್ಟಾಪ್ ಪ್ರೋಗ್ರಾಂನಲ್ಲಿ ಮಾತ್ರ ಇದ್ದರೆ ಇವತ್ತೇ ಬದಲಿಸಿ, ಅದು ವೈರಿಂಗ್‌ನಲ್ಲೇ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಬಿಡಿಸಬೇಕು.

ಬೈತಖೋಲ_ವೈರ್‌ಮನ್
ರಿಟೆಂಟಿವ್ ಟೈಮರೇ ಹೌದು ಅಣ್ಣಾ! ರಿಸೆಟನ್ನು ಮಗುಚಿ ಮುಗಿದ ಮೇಲೆ ಮಾತ್ರ ಬರೆದಿದ್ದೆ. ಬದಲಿಸಿ, ಬೇಕಂತಲೇ ಮಧ್ಯದಲ್ಲಿ ನಿಲ್ಲಿಸಿ ನಿಲ್ಲಿಸಿ ಆರು ಸಾಲು ನೋಡಿದೆ, ಒಂದೂ ಹಾರಲಿಲ್ಲ. ಎಮರ್ಜೆನ್ಸಿ ವೈರಿಂಗ್‌ನಲ್ಲೇ ಇದೆ. ನಾಳೆ ಹೋಲ್ಡ್ ಬರೆದು, ಕ್ಯಾನ್ ಖಾಲಿ ಇಟ್ಟು, ಮೇನ್ ಇಳಿಸಿ ನೋಡುತ್ತೇನೆ.